ಹಾಡುತ್ತಲೇ ಗಲ್ಲಾ ನೋಡಿಕೊಂಡವಳು: ಬ್ರಿಕ್‌ಟಾಪ್ ಬಗ್ಗೆ ಯಾರಿಗಾದರೂ ಗೊತ್ತಾ?

ರಾತ್ರಿಪಾಳಿ
ಹತ್ತು ವರ್ಷದಿಂದ ನನ್ನದು ನೈಟ್ ಶಿಫ್ಟ್. ಊರು ಮಲಗಿದ ಮೇಲೆ ದುಡಿಯುವವರ ಬಗ್ಗೆ ಏನು ಸಿಕ್ಕಿದರೂ ಓದುವ ಚಟ ಹತ್ತಿಬಿಟ್ಟಿದೆ. ಹಾಗೆ ಓದುವಾಗ ಸಿಕ್ಕವಳು ಈಕೆ. ನಿಜವಾದ ಹೆಸರು ಏಡಾ ಸ್ಮಿತ್. ಪೂರ್ತಿ ಹೆಸರು ಬೇಕಾ? ಏಡಾ ಬಿಯಾಟ್ರಿಸ್ ಕ್ವೀನ್ ವಿಕ್ಟೋರಿಯಾ ಲೂಯೀಸ್ ವರ್ಜಿನಿಯಾ ಸ್ಮಿತ್. ಅಕ್ಕಪಕ್ಕದವರು ತಲೆಗೊಂದು ಹೆಸರು ಹೇಳಿದರಂತೆ. ಯಾರಿಗೂ ಬೇಜಾರಾಗಬಾರದು ಅಂತ ಅಪ್ಪ ಅಮ್ಮ ಎಲ್ಲವನ್ನೂ ಇಟ್ಟರು.

1894ರ ಆಗಸ್ಟ್ 14ರಂದು ಅಮೆರಿಕದ ವೆಸ್ಟ್ ವರ್ಜಿನಿಯಾದ ಆಲ್ಡರ್ಸನ್ ಎಂಬ ಪುಟ್ಟ ಊರಲ್ಲಿ ಹುಟ್ಟಿದಳು. ಕರಿಯರ ಮನೆ. ಅಪ್ಪ ಕ್ಷೌರಿಕ. ಅಮ್ಮ ಹುಟ್ಟುವಾಗ ಗುಲಾಮಗಿರಿ ಇನ್ನೂ ಜಾರಿಯಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಶಿಕಾಗೋಗೆ ಹೋಗಿ, ಬಾಡಿಗೆ ಕೋಣೆಗಳ ಮನೆ ನಡೆಸಿ ಬದುಕಿದಳು. ಈ ಹುಡುಗಿಗೆ ಸ್ಟೇಟ್ ಸ್ಟ್ರೀಟಿನ ಸಲೂನುಗಳ ಬಾಗಿಲ ಸಂದಿಯಲ್ಲಿ ಇಣುಕುವುದೇ ಆಟ. (ನಮ್ಮ ಕಟಿಂಗ್ ಸಲೂನ್ ಅಲ್ಲ ಮತ್ತೆ, ಕುಡಿಯುವ ಜಾಗ.) ಹದಿಹರೆಯದಲ್ಲೇ ರಂಗದ ಮೇಲೆ ಗುಂಪಿನಲ್ಲಿ ಕುಣಿದಳು. ಆಮೇಲೆ ಅಲೆಮಾರಿ ತಂಡಗಳ ಜೊತೆ ಊರೂರು ತಿರುಗಿದಳು. ಪ್ಯಾರಿಸ್, ಮೆಕ್ಸಿಕೋ, ರೋಮ್, ಮೂರು ಕಡೆ ರಾತ್ರಿ ಕ್ಲಬ್ಬು ನಡೆಸಿದಳು. ತೀರಿಕೊಂಡಿದ್ದು 1984ರಲ್ಲಿ.

ನನ್ನ ಪ್ರಶ್ನೆ ಇಷ್ಟೇ. ಈಕೆಯನ್ನು ಎಲ್ಲರೂ ಕ್ಯಾಬರೆ ಗಾಯಕಿ ಅಂತ ಬರೆಯುತ್ತಾರೆ. ಓದುತ್ತಾ ಹೋದರೆ ಈಕೆ ಮೊದಲು ಹೋಟೆಲಿನವಳು, ಆಮೇಲೆ ಗಾಯಕಿ ಅಂತ ನನಗೆ ಅನಿಸುತ್ತಿದೆ. ನಿಮಗೆ?

ಸುಮ್ನೆ ಓದೋನು
ಕ್ಯಾಬರೆ ಅಂದ ತಕ್ಷಣ ನನ್ನ ತಲೆಗೆ ಬಂದದ್ದು ಜ್ಯೋತಿಲಕ್ಷ್ಮಿ, ಹಲಂ. ವಿಲನ್ ಅಡ್ಡೆ, ಬಣ್ಣದ ದೀಪ, ಹಿಂದೆ ಪೀಪಾಯಿಗಳು 😄

ಹಳೇ ರೆಕಾರ್ಡ್
ಆ ಅರ್ಥ ನಮಗೆ ಸಿನಿಮಾದಿಂದ ಬಂದದ್ದು. ಫ್ರೆಂಚರ ಕ್ಯಾಬರೆ ಅಂದರೆ ಮೂಲದಲ್ಲಿ ಕುಡಿಯುವ ಜಾಗ ಅಷ್ಟೇ. ಆಮೇಲೆ ಅಲ್ಲಿ ಹಾಡು, ಹಾಸ್ಯ, ಕುಣಿತ ಸೇರಿತು. ನಾಟಕಶಾಲೆಗೂ ಇದಕ್ಕೂ ಇರುವ ವ್ಯತ್ಯಾಸ ಎಂದರೆ ಇಲ್ಲಿ ಮೇಜು ಇದೆ, ಮೇಜಿನ ಮೇಲೆ ಗ್ಲಾಸು ಇದೆ, ಹಾಡುವವಳು ನಿಮ್ಮ ಮೊಣಕೈ ಪಕ್ಕದಲ್ಲೇ ನಿಂತಿದ್ದಾಳೆ. ಹಾಗಾಗಿ ಹಾಡುವವಳೇ ಯಜಮಾನಿ ಆಗುವುದು ಅಷ್ಟೇನೂ ವಿಚಿತ್ರ ಅಲ್ಲ.

ಬ್ರಿಕ್‌ಟಾಪ್ ಅನ್ನುವ ಹೆಸರಿನ ಕಥೆ ಬಿಟ್ಟುಹೋಯಿತು. ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ನಲ್ಲಿ ಬ್ಯಾರನ್ ವಿಲ್ಕಿನ್ಸ್ ಅಂತ ಒಬ್ಬ ಕ್ಲಬ್ ಮಾಲೀಕ ಇದ್ದ. ಈಕೆಯ ಕೆಂಪು ಕೂದಲು ನೋಡಿ ಆತ ಇಟ್ಟ ಅಡ್ಡಹೆಸರು ಅದು. ಇಟ್ಟಿಗೆತಲೆ ಅಂದುಕೊಳ್ಳಿ. ಹಾಗೇ ಅಂಟಿಕೊಂಡಿತು. ಅದೇ ವಿಲ್ಕಿನ್ಸ್‌ಗೆ 1923ರಲ್ಲಿ ಈಕೆ ಒಂದು ಹೊಸ ಬ್ಯಾಂಡನ್ನು ಶಿಫಾರಸು ಮಾಡಿದಳು. ವಾಷಿಂಗ್ಟನ್‌ನಿಂದ ಬಂದು ನ್ಯೂಯಾರ್ಕಿನಲ್ಲಿ ಕೆಲಸ ಇಲ್ಲದೆ ಒದ್ದಾಡುತ್ತಿದ್ದ ಹುಡುಗರು. ಅವರಲ್ಲಿ ಪಿಯಾನೋ ನುಡಿಸುತ್ತಿದ್ದವನು ಡ್ಯೂಕ್ ಎಲಿಂಗ್ಟನ್, ಮುಂದೆ ಜಾಝ್ ಸಂಗೀತದಲ್ಲಿ ದೊಡ್ಡ ಹೆಸರಾದವನು. ಯಾರನ್ನು ಒಳಗೆ ಕರೆಯಬೇಕು ಅನ್ನುವ ಕಣ್ಣು ಸ್ವಂತ ಕ್ಲಬ್ಬಿಗೆ ಮೊದಲೇ ಇತ್ತು ನೋಡಿ.

ಶಿಕಾಗೋದ ಪನಾಮಾ ಕ್ಲಬ್ಬಿನಲ್ಲಿ ಫ್ಲಾರೆನ್ಸ್ ಮಿಲ್ಸ್, ಕೋರಾ ಗ್ರೀನ್ ಜೊತೆ ಮೂವರ ತಂಡವಾಗಿ ಹಾಡಿದ್ದಳು. ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಜ್ಯಾಕ್ ಜಾನ್ಸನ್ ತೆರೆದ ಕೆಫೆಯಲ್ಲೂ ಕೆಲಸ ಮಾಡಿದ್ದಳು. ಆ ಮೂವರಲ್ಲಿ ಒಳ್ಳೆಯ ಗಂಟಲು ಅಂದರೆ ಫ್ಲಾರೆನ್ಸ್ ಮಿಲ್ಸ್‌ಳದು, ಸಂಶಯವೇ ಇಲ್ಲ. ತಾನು ದೊಡ್ಡ ಗಾಯಕಿ ಅಂತ ಬ್ರಿಕ್‌ಟಾಪ್ ತಾನೂ ಹೇಳಿಕೊಳ್ಳಲಿಲ್ಲ.

ರಾತ್ರಿಪಾಳಿ
ಅದೇ! ತನ್ನನ್ನು ಸಲೂನ್ ನಡೆಸುವವಳು ಅಂತಲೇ ಕರೆದುಕೊಳ್ಳುತ್ತಿದ್ದಳು.

ಪ್ಯಾರಿಸ್‌ಗೆ ಬಂದ ದಿನದ ಕಥೆ ನನಗೆ ತುಂಬಾ ಇಷ್ಟ. 1924. ವಯಸ್ಸು ಮೂವತ್ತರ ಹತ್ತಿರ. ಮೋಂಮಾರ್ತ್ ಬಡಾವಣೆಯ ರೂ ಪಿಗಾಲ್ ಬೀದಿಯಲ್ಲಿ 'ಲ ಗ್ರಾಂ ದ್ಯುಕ್' ಅಂತ ಒಂದು ಕ್ಲಬ್ಬು. ಹೆಸರಿನ ಅರ್ಥ ಮಹಾಪ್ರಭು ಅಂತೇನೋ. ಆ ಜಾಗ ನೋಡಿಕೊಳ್ಳುತ್ತಿದ್ದವನು ಯೂಜೀನ್ ಬುಲ್ಲಾರ್ಡ್, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಪರ ವಿಮಾನ ಹಾರಿಸಿದ ಕರಿಯ ಅಮೆರಿಕನ್. ಅಲ್ಲಿದ್ದ ಹಾಡುಗಾರ್ತಿ ಫ್ಲಾರೆನ್ಸ್ ಜೋನ್ಸ್ ಬೇರೆ ಕಡೆ ಹೋಗಿದ್ದಳು. ಆ ಜಾಗಕ್ಕೆ ಅಂತ ಈಕೆಯನ್ನು ಸಮುದ್ರ ದಾಟಿಸಿ ಕರೆಸಿದ್ದರು. ಒಳಗೆ ಬಂದು ನೋಡಿದರೆ ಹನ್ನೆರಡು ಮೇಜು, ಒಂದು ಸಣ್ಣ ಬಾರು. ಬಾರು ಚೆನ್ನಾಗಿದೆ, ಕ್ಯಾಬರೆ ಎಲ್ಲಿ ಅಂತ ಕೇಳಿದಳು. ಇದೇ ಕ್ಯಾಬರೆ ಅಂದರು. ಕೂತು ಅತ್ತುಬಿಟ್ಟಳು.

ಆಗ ಅಡುಗೆಮನೆಯಿಂದ ಒಬ್ಬ ಹುಡುಗ ಹೊರಗೆ ಬಂದು ಸಮಾಧಾನ ಮಾಡಿದ, ತಿನ್ನಲು ಕೊಟ್ಟ. ಅಲ್ಲಿ ಪಾತ್ರೆ ತೊಳೆಯುವ ಕೆಲಸ ಅವನದು. ಹೆಸರು ಲ್ಯಾಂಗ್ಸ್ಟನ್ ಹ್ಯೂಸ್. ಮುಂದೆ ಅಮೆರಿಕದ ದೊಡ್ಡ ಕವಿ ಆದವನು.

ತುಂತುರು
ಪಾತ್ರೆ ತೊಳೆಯುವವನು ಹ್ಯೂಸ್, ಮ್ಯಾನೇಜರ್ ಪೈಲಟ್, ಅಳುತ್ತಾ ಕೂತವಳು ಬ್ರಿಕ್‌ಟಾಪ್. ಎಂಥ ಹೋಟೆಲಪ್ಪಾ ಅದು!

ಗಲ್ಲಾಪೆಟ್ಟಿಗೆ
ಆ ಅಡುಗೆಮನೆಯ ಬಗ್ಗೆ ಹ್ಯೂಸ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬ್ರೂಸ್ ಅಂತ ಒಬ್ಬ ಮುಖ್ಯ ಅಡುಗೆಯವನು. ಭಾರೀ ಆಳು, ಒಂದೇ ಕಣ್ಣು. ಅಮೆರಿಕದ ದಕ್ಷಿಣದ ಕಡೆಯ ಕರಿದ ಕೋಳಿ ಮಾಡುವುದರಲ್ಲಿ ಎತ್ತಿದ ಕೈ. ಬೇರೆ ಕ್ಲಬ್ಬುಗಳು ಮುಚ್ಚಿದ ಮೇಲೆ, ರಾತ್ರಿ ಮೂರರ ನಂತರ, ಈ ಜಾಗ ತುಂಬುತ್ತಿತ್ತು. ಅಷ್ಟು ಹೊತ್ತಿಗೆ ಬರುವ ಗಿರಾಕಿಗಳು ಯಾರು ಗೊತ್ತಾ? ಬೇರೆ ಕ್ಲಬ್ಬುಗಳಲ್ಲಿ ನುಡಿಸಿ ಮುಗಿಸಿದ ವಾದ್ಯದವರು. ಅವರು ಬಂದರು ಅಂದರೆ ಅವರ ಹಿಂದೆ ದುಡ್ಡಿದ್ದವರೂ ಬರುತ್ತಾರೆ.

ನಾನು ಇಪ್ಪತ್ತೆರಡು ವರ್ಷ ಹೋಟೆಲ್ ನಡೆಸಿ ಈಗ ಮನೆಯಲ್ಲಿ ಕೂತವನು. ಒಂದು ಮಾತು ಹೇಳುತ್ತೇನೆ. ಅಡುಗೆಯವರು, ಸಪ್ಲೈಯರ್‌ಗಳು, ಲಾರಿಯವರು ಎಲ್ಲಿ ತಿನ್ನುತ್ತಾರೋ ಅದೇ ಒಳ್ಳೆಯ ಹೋಟೆಲು. ಬೋರ್ಡು ನೋಡಬೇಡಿ.

ಕೊಡಿಯಾಲ
ಎಲ್ಲ ಸರಿ, ಸ್ವಲ್ಪ ನೀರು ಹಾಕ್ತೇನೆ, ಬೇಜಾರು ಮಾಡ್ಕೋಬೇಡಿ. ಈಕೆಯ ಕಥೆಯಲ್ಲಿ ಅದೃಷ್ಟದ ಪಾಲು ಎಷ್ಟು ಅಂತ ಯಾರೂ ಹೇಳ್ತಿಲ್ಲ. ಕೋಲ್ ಪೋರ್ಟರ್ ಅನ್ನುವ ಭಾರೀ ಶ್ರೀಮಂತ ಹಾಡು ಬರಹಗಾರ ಒಂದು ದಿನ ಬಂದ. ಚಾರ್ಲ್ಸ್‌ಟನ್ ಕುಣಿತ ಬರುತ್ತಾ ಅಂದ. ಈಕೆ ಕುಣಿದು ತೋರಿಸಿದಳು. ಅವನು ಮನೆಗೆ ಕರೆಸಿ ತನ್ನ ಸ್ನೇಹಿತರಿಗೆಲ್ಲ ಪಾಠ ಹೇಳಿಸಿದ. ಅಲ್ಲಿಂದ ರಾಜಕುಮಾರರು, ಜಮೀನ್ದಾರರು ಎಲ್ಲ ಪರಿಚಯ. ಆಮೇಲೆ ತನ್ನದೇ ಹೆಸರಲ್ಲಿ ಸ್ವಂತ ಕ್ಲಬ್ಬು. ಪೋರ್ಟರ್ ಬರದೆ ಇದ್ದಿದ್ದರೆ ಆ ಹನ್ನೆರಡು ಮೇಜು ಹನ್ನೆರಡೇ ಆಗಿರುತ್ತಿತ್ತು.

ಇನ್ನೊಂದು, ಫ್ರೆಂಚ್ ನಾಣ್ಯ ಫ್ರಾಂಕಿನ ಬೆಲೆ. ಯುದ್ಧದ ನಂತರ ಫ್ರಾಂಕ್ ಬಿದ್ದು ಬಿದ್ದು 1926ರ ಜುಲೈಯಲ್ಲಿ ಒಂದು ಡಾಲರಿಗೆ ಐವತ್ತರ ಹತ್ತಿರ ಹೋಯಿತು. ಅಮೆರಿಕದಲ್ಲಿ 1920ರಿಂದ ಪಾನನಿಷೇಧ ಬೇರೆ. ಜೇಬಲ್ಲಿ ಡಾಲರ್ ಇದ್ದವನಿಗೆ ಪ್ಯಾರಿಸ್ ಅಂದರೆ ಪುಕ್ಕಟೆ ಸ್ವರ್ಗ. ಆ ಹೊತ್ತಲ್ಲಿ ಅಲ್ಲಿ ಯಾರು ಬಾರ್ ತೆರೆದರೂ ನಡೀತಿತ್ತು.

ಗಲ್ಲಾಪೆಟ್ಟಿಗೆ
ಕೊಡಿಯಾಲದವರೇ, ಫ್ರಾಂಕಿನ ಮಾತು ಒಪ್ಪಿದೆ. ಯಾರು ತೆರೆದರೂ ನಡೀತಿತ್ತು ಅನ್ನೋದನ್ನ ಮಾತ್ರ ಒಪ್ಪಲ್ಲ. ಹೋಟೆಲ್ ನಡೆಸದವರು ಹೇಳೋ ಮಾತು ಅದು 🙂

ಪೋರ್ಟರ್ ಗಿರಾಕಿಗಳನ್ನು ಬಾಗಿಲ ತನಕ ತಂದ, ನಿಜ. ಅವರು ಮರುದಿನ ಮತ್ತೆ ಬರುವ ಹಾಗೆ ಮಾಡಿದ್ದು ಯಾರು? ನಾನು ಅಂಗಡಿ ತೆರೆದಾಗ ಹತ್ತಿರದಲ್ಲೇ ಒಂದು ದೊಡ್ಡ ಆಫೀಸು ಬಂತು. ಮೊದಲ ತಿಂಗಳು ಅಲ್ಲಿಯವರೆಲ್ಲ ನನ್ನಲ್ಲಿಗೇ. ನಾನೂ ಅದೃಷ್ಟ ಅಂದುಕೊಂಡೆ. ನಾಲ್ಕನೇ ತಿಂಗಳಿಗೆ ಅರ್ಧ ಜನ ಎದುರು ಅಂಗಡಿಗೆ. ಯಾಕೆ? ನಾನು ಗಲ್ಲಾದಲ್ಲಿ ಕೂತು ಪೇಪರ್ ಓದುತ್ತಿದ್ದೆ. ಎದುರಿನವನು ಒಬ್ಬೊಬ್ಬರ ಮುಖ ನೋಡಿ, ನಿಮಗೆ ಸ್ಟ್ರಾಂಗ್ ಅಲ್ವಾ, ನಿಮಗೆ ಸಕ್ಕರೆ ಕಮ್ಮಿ ಅಲ್ವಾ ಅನ್ನುತ್ತಿದ್ದ. ಕಾಫಿ ಇಬ್ಬರದ್ದೂ ಒಂದೇ.

ಈಗ ಬ್ರಿಕ್‌ಟಾಪ್ ನೋಡಿ. ರಾಬರ್ಟ್ ಮೆಕಾಲ್ಮನ್ ಅಂತ ಆ ಕಾಲದ ಒಬ್ಬ ಬರಹಗಾರ ಒಂದು ರಾತ್ರಿಯ ನೆನಪು ಬರೆದಿಟ್ಟಿದ್ದಾನೆ. ಆಕೆ ಹಾಡುತ್ತಲೇ ಲೆಕ್ಕ ಮಾಡುತ್ತಿದ್ದಾಳೆ. ಅತ್ತ ಒಂದು ಮೇಜಿನಲ್ಲಿ ಜಗಳ ಶುರು. ಹಾಡು ನಿಲ್ಲಿಸದೆ ಅಲ್ಲಿಗೆ ಹೋಗಿ, ಜಗಳ ಬಿಡಿಸಿ, ಹಾಡುತ್ತಲೇ ವಾಪಸ್ ಬಂದು ಲೆಕ್ಕ ಮುಂದುವರಿಸುತ್ತಾಳೆ. ಇದನ್ನು ಓದಿ ನಾನು ಎರಡು ನಿಮಿಷ ಪುಸ್ತಕ ಮಡಚಿ ಇಟ್ಟೆ. ಈ ಕಸುಬು ಗೊತ್ತಿದ್ದವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು. ಒಂದು ಕೈ ಚಿಲ್ಲರೆ ಎಣಿಸುತ್ತಿರಬೇಕು, ಒಂದು ಕಿವಿ ಅಡುಗೆಮನೆ ಕಡೆ, ಒಂದು ಕಣ್ಣು ಬಾಗಿಲ ಕಡೆ, ಮುಖದಲ್ಲಿ ಮಾತ್ರ ನಗು. ಅದರ ಮೇಲೆ ಹಾಡು ಬೇರೆ!

ಕೊಡಿಯಾಲ
ಜಗಳದ ಕಥೆ ಭಾರೀ ಚೆಂದ ಉಂಟು. ಆಯ್ತು, ಅರ್ಧ ಒಪ್ಪಿದೆ.

ಹಳೇ ರೆಕಾರ್ಡ್
ಗಿರಾಕಿಗಳ ಪಟ್ಟಿ ಕೇಳಿ. ವೇಲ್ಸ್ ರಾಜಕುಮಾರ, ಅಂದರೆ ಮುಂದೆ ಪಟ್ಟ ಬಿಟ್ಟ ಎಂಟನೇ ಎಡ್ವರ್ಡ್. ಅಮೆರಿಕದ ಲೇಖಕರಾದ ಹೆಮಿಂಗ್ವೆ, ಫಿಟ್ಜ್‌ಜೆರಾಲ್ಡ್. ಚಾರ್ಲ್ಸ್‌ಟನ್ ಕಲಿತವರಲ್ಲಿ ನಮ್ಮ ಕಡೆಯವರೂ ಒಬ್ಬರು, ಮೂರನೇ ಆಗಾ ಖಾನ್, ಕರಾಚಿಯಲ್ಲಿ ಹುಟ್ಟಿದವರು. ಮುಸ್ಲಿಂ ಲೀಗಿನ ಮೊದಲ ಅಧ್ಯಕ್ಷರು ಮೊಣಕಾಲು ತಿರುಗಿಸಿ ಚಾರ್ಲ್ಸ್‌ಟನ್ ಕಲಿಯುವುದನ್ನು ಊಹಿಸಿಕೊಳ್ಳಿ. ಬ್ರಿಕ್‌ಟಾಪ್‌ಳನ್ನು ಪೋರ್ಟರ್‌ಗಿಂತ ಮೊದಲು ಕಂಡುಹಿಡಿದವನು ತಾನು ಅಂತ ಫಿಟ್ಜ್‌ಜೆರಾಲ್ಡ್ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಇನ್ನೊಂದು ಕಥೆ. ಲೇಖಕ ಸ್ಟೈನ್‌ಬೆಕ್ ಒಮ್ಮೆ ಮರ್ಯಾದೆ ಬಿಟ್ಟು ನಡೆದುಕೊಂಡನಂತೆ. ಈಕೆ ಹೊರಗೆ ಕಳಿಸಿದಳು. ಆಮೇಲೆ ಅವನು ಒಂದು ಟ್ಯಾಕ್ಸಿ ತುಂಬಾ ಗುಲಾಬಿ ಕಳಿಸಿ ಕ್ಷಮೆ ಕೇಳಿದ.

ಸುಮ್ನೆ ಓದೋನು
ಹೊರಗೆ ಹಾಕಿದ ಮೇಲೂ ಗಿರಾಕಿ ಹೂ ಕಳಿಸ್ತಾನೆ ಅಂದ್ರೆ! ನಮ್ಮಲ್ಲಿ ಗೂಗಲ್‌ನಲ್ಲಿ ಒಂದು ಸ್ಟಾರ್ ಹಾಕಿ ಹೋಗ್ತಾರೆ.

ಪ್ಯಾರಿಸ್ ಮೆಟ್ರೋ
ನಾನು ಇಲ್ಲೇ ಪ್ಯಾರಿಸ್‌ನಲ್ಲಿ ಎಂಟು ವರ್ಷದಿಂದ ಇದ್ದೇನೆ. ಆ ಬೀದಿಗೆ ಈಗ ರೂ ಜಾನ್-ಬಾಪ್ತಿಸ್ತ್ ಪಿಗಾಲ್ ಅಂತ ಹೆಸರು. ಒಬ್ಬ ಶಿಲ್ಪಿಯ ಹೆಸರು ಅದು. ಏರು ಬೀದಿ. ಚಳಿಗಾಲದಲ್ಲಿ ಹತ್ತುವಾಗ ನನಗೆ ಏದುಸಿರು ಬರುತ್ತದೆ. ಹೈಹೀಲ್ಸ್ ಹಾಕಿಕೊಂಡು ಬೆಳಗಿನ ಜಾವ ಇಳಿಯುತ್ತಿದ್ದವರನ್ನು ನೆನೆದರೆ ಕನಿಕರ ಆಗುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಆ ಕಾಲದ ಪ್ಯಾರಿಸ್‌ನಲ್ಲಿ ಬಣ್ಣದ ಭೇದವೇ ಇರಲಿಲ್ಲ ಅಂತ ಬರೆಯುವುದು ಒಂದು ಅಭ್ಯಾಸ ಆಗಿಬಿಟ್ಟಿದೆ. ಪೂರ್ತಿ ನಿಜ ಅಲ್ಲ. 1923ರಲ್ಲಿ, ಅಂದರೆ ಬ್ರಿಕ್‌ಟಾಪ್ ಬರುವ ಹಿಂದಿನ ವರ್ಷ, ಪಶ್ಚಿಮ ಆಫ್ರಿಕಾದ ದಹೋಮೆಯ ವಕೀಲ ಕೋಜೋ ತೊವಾಲು ಊಯೆನು ಎಂಬುವವನನ್ನು ಇದೇ ಮೋಂಮಾರ್ತ್‌ನ ಒಂದು ಬಾರಿನಿಂದ ಹೊರಗೆ ದಬ್ಬಿದರು. ಕರಿಯ ಒಳಗಿರುವುದು ಬಿಳಿ ಅಮೆರಿಕನ್ ಗಿರಾಕಿಗಳಿಗೆ ಇಷ್ಟವಾಗಲಿಲ್ಲ. ದೊಡ್ಡ ಗಲಾಟೆ ಆಯಿತು, ಫ್ರೆಂಚ್ ಸರ್ಕಾರ ಅವನ ಪರ ನಿಂತಿತು. ಆದರೆ ಅದೇ ಸರ್ಕಾರ ಅದೇ ಹೊತ್ತಿಗೆ ಅವನ ದಹೋಮೆಯನ್ನು ವಸಾಹತಾಗಿ ಆಳುತ್ತಿತ್ತು.

ಅಂಥ ಜಾಗದಲ್ಲಿ ಒಬ್ಬ ಕರಿಯ ಹೆಂಗಸು ಬಾಗಿಲಲ್ಲಿ ನಿಂತು, ನೀನು ಒಳಗೆ ಬಾ, ನೀನು ಇವತ್ತು ಮನೆಗೆ ಹೋಗು ಅಂತ ಬಿಳಿ ಶ್ರೀಮಂತರಿಗೆ ಹೇಳುತ್ತಿದ್ದಳು. ನನ್ನ ಪ್ರಕಾರ ಆಕೆಯ ದೊಡ್ಡ ಪ್ರದರ್ಶನ ಅದೇ.

ತುಂತುರು
ಆ ಕಾಲದ ಕರಿಯ ಅಮೆರಿಕನ್ ನರ್ತಕಿ ಜೋಸೆಫಿನ್ ಬೇಕರ್ ಕೂಡ ರೆಸ್ಟೋರೆಂಟ್ ಇಟ್ಟಿದ್ದಳಲ್ವಾ? ಇಬ್ಬರಿಗೂ ಆಗಿಬರ್ತಿತ್ತಾ?

ರಾತ್ರಿಪಾಳಿ
ಆಗಿಬರುತ್ತಿತ್ತು, ಮೊದಮೊದಲು ಜಾಸ್ತಿ. ಬೇಕರ್ 1925ರಲ್ಲಿ ಪ್ಯಾರಿಸ್‌ಗೆ ಬಂದಾಗ ಹತ್ತೊಂಬತ್ತು ವರ್ಷ. ರಾತ್ರೋರಾತ್ರಿ ಹೆಸರು ಬಂತು. ಜನ ಸಹಿಗೆ ಮುತ್ತಿಕೊಂಡರು, ಆಕೆಗೆ ಬರೆಯುವುದೇ ಕಷ್ಟ. ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೋ ಅಂತ ಬುದ್ಧಿ ಹೇಳಿದವಳು ಬ್ರಿಕ್‌ಟಾಪ್. ಮತ್ತೆ ಅದೇ ಹೋಟೆಲಿನವರ ತಲೆ!

1926ರ ಡಿಸೆಂಬರಿನಲ್ಲಿ ಬೇಕರ್ 'ಷೇ ಜೋಸೆಫಿನ್' ತೆರೆದಳು. ಅಲ್ಲಿಗೆ ಜನ ಬಂದದ್ದು ಬೇಕರ್‌ಳನ್ನು ನೋಡಲು. ಬ್ರಿಕ್‌ಟಾಪ್ ಜಾಗಕ್ಕೆ ಜನ ಬಂದದ್ದು ಬ್ರಿಕ್‌ಟಾಪ್ ತಮ್ಮನ್ನು ನೋಡಲಿ ಅಂತ. ವ್ಯತ್ಯಾಸ ಅಲ್ಲಿದೆ. ಬೇಕರ್ ದೊಡ್ಡ ತಾರೆ, ದೊಡ್ಡ ಮನಸ್ಸು, ದುಡ್ಡಿನ ಲೆಕ್ಕದಲ್ಲಿ ಮಾತ್ರ ಸೊನ್ನೆ. ಕೊನೆಗೆ ಸಾಲದಲ್ಲಿ ತನ್ನ ಕೋಟೆಮನೆಯನ್ನೇ ಕಳೆದುಕೊಂಡಳು.

ಗಲ್ಲಾಪೆಟ್ಟಿಗೆ
ಹಾಗಂತ ಬ್ರಿಕ್‌ಟಾಪ್ ಕೋಟ್ಯಧೀಶೆ ಆಗಲಿಲ್ಲ ಮತ್ತೆ. 1929ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಬಿತ್ತು, ಅಮೆರಿಕನ್ನರು ಗಂಟುಮೂಟೆ ಕಟ್ಟಿದರು. ಫಿಟ್ಜ್‌ಜೆರಾಲ್ಡ್ 1931ರಲ್ಲಿ ಪ್ರಕಟಿಸಿದ ಒಂದು ಕಥೆಯಲ್ಲಿ ನಾಯಕ ಬ್ರಿಕ್‌ಟಾಪ್ ಬಾಗಿಲ ಮುಂದೆ ಹಾದುಹೋಗುತ್ತಾ, ಇಲ್ಲಿ ಎಷ್ಟು ಹೊತ್ತು ಎಷ್ಟು ದುಡ್ಡು ಸುರಿದೆ ಅಂತ ನೆನೆಯುತ್ತಾನೆ. ವಿಚಿತ್ರ ಎಂದರೆ ಈಕೆ ಆ ಹೊತ್ತಿನಲ್ಲೇ ರೂ ಪಿಗಾಲ್‌ನಲ್ಲಿ ಇನ್ನೂ ದೊಡ್ಡ ಜಾಗ ಹಿಡಿದಳು. ನಾನಾಗಿದ್ದರೆ ಹಿಡಿಯುತ್ತಿರಲಿಲ್ಲ. ಕೆಟ್ಟ ಕಾಲದಲ್ಲಿ ಜಾಗ ದೊಡ್ಡದು ಮಾಡಿದರೆ ಬಾಡಿಗೆಯೇ ನುಂಗುತ್ತದೆ. ಕೆಲವು ವರ್ಷ ಎಳೆದಳು, ಆಮೇಲೆ ಸ್ವಂತ ಜಾಗ ಬಿಡಬೇಕಾಯಿತು. ಲೆಕ್ಕದಲ್ಲಿ ಜಾಣೆಯಾದರೂ ಈ ತಪ್ಪು ಮಾಡಿದಳು.

ಆದರೆ ಆ ದೊಡ್ಡ ಜಾಗಕ್ಕೆ ಮೇಬಲ್ ಮರ್ಸರ್‌ಳನ್ನು ಕರೆತಂದಳು. ತನಗಿಂತ ಚೆನ್ನಾಗಿ ಹಾಡುವವಳನ್ನು ತನ್ನದೇ ಅಂಗಡಿಯಲ್ಲಿ ನಿಲ್ಲಿಸುವುದು ಎಷ್ಟು ಗಾಯಕಿಯರಿಂದ ಆಗುತ್ತದೆ? ಹೋಟೆಲಿನವಳಾದ್ದರಿಂದ ಆಯಿತು. ಯಜಮಾನನಿಗಿಂತ ಭಟ್ಟರ ಕೈ ರುಚಿ ಇರಬೇಕು, ಇಲ್ಲದಿದ್ದರೆ ಹೋಟೆಲ್ ಯಾಕೆ?

ಹಳೇ ರೆಕಾರ್ಡ್
ಮೇಬಲ್ ಮರ್ಸರ್ ಬಗ್ಗೆ ಬೇರೆ ಚರ್ಚೆಯೇ ಬೇಕು. ಮೇಜಿನ ಪಕ್ಕ ಬಂದು, ಹಾಡಿನ ಮಾತು ಮಾತೂ ಅರ್ಥ ಆಗುವ ಹಾಗೆ ಹಾಡುತ್ತಿದ್ದವಳು. ಮಾತನ್ನು ಎಲ್ಲಿ ಎಳೆಯಬೇಕು ಎಲ್ಲಿ ಬಿಡಬೇಕು ಅನ್ನುವುದನ್ನು ಅವಳಿಂದ ಕಲಿತೆ ಅಂತ ಗಾಯಕ ಫ್ರಾಂಕ್ ಸಿನಾತ್ರಾ ಹೇಳಿದ್ದಾನೆ.

ಈಗ ನನ್ನ ಮೆಚ್ಚಿನ ಕೊಂಡಿ. ಬ್ರಿಕ್‌ಟಾಪ್ 1929ರಲ್ಲಿ ಮದುವೆಯಾದದ್ದು ಪೀಟರ್ ಡ್ಯುಕಾಂಜ್ ಅನ್ನುವ ಸ್ಯಾಕ್ಸೋಫೋನ್ ವಾದಕನನ್ನು. ನ್ಯೂ ಆರ್ಲಿಯನ್ಸ್‌ನವನು. ಅವನು ಯುರೋಪಿಗೆ ಬಂದದ್ದು ಲಿಯಾನ್ ಆಬಿ ಎಂಬಾತನ ಬ್ಯಾಂಡಿನಲ್ಲಿ. ಅದೇ ಲಿಯಾನ್ ಆಬಿ 1935ರಲ್ಲಿ ತನ್ನ ಬ್ಯಾಂಡ್ ಕಟ್ಟಿಕೊಂಡು ಎಲ್ಲಿಗೆ ಬಂದ? ಬೊಂಬಾಯಿಯ ತಾಜ್ ಹೋಟೆಲಿಗೆ! ಅವನ ಹಿಂದೆ ಕ್ರಿಕೆಟ್ ಸ್ಮಿತ್ ಅನ್ನುವ ಟ್ರಂಪೆಟ್ ವಾದಕ ಬಂದ, ಅವನೂ ಪ್ಯಾರಿಸ್‌ನಲ್ಲಿ ನುಡಿಸಿದ್ದವನೇ. ಪಿಯಾನೋ ವಾದಕ ಟೆಡ್ಡಿ ವೆದರ್‌ಫೋರ್ಡ್ ಅಂತೂ ಕಲ್ಕತ್ತಾದಲ್ಲೇ ನಿಂತು, 1945ರಲ್ಲಿ ಕಾಲರಾದಿಂದ ಅಲ್ಲೇ ತೀರಿಕೊಂಡ. ಶಿಕಾಗೋ, ಪ್ಯಾರಿಸ್, ಬೊಂಬಾಯಿ, ಕಲ್ಕತ್ತಾ, ಎಲ್ಲ ಒಂದೇ ದಾರಿ ಅವರಿಗೆ. ಆಮೇಲೆ ಗೋವಾದ ವಾದ್ಯದವರು ಅವರಿಂದ ಕಲಿತರು, ಅವರಿಂದ ಹಿಂದಿ ಸಿನಿಮಾಕ್ಕೆ...

ಪ್ಯಾರಿಸ್ ಮೆಟ್ರೋ
ರೆಕಾರ್ಡ್ ಅವರೇ, ಬೊಂಬಾಯಿಗೆ ಹೋದರೆ ನೀವು ವಾಪಸ್ ಬರಲ್ಲ, ಹೋದ ಸಲವೂ ಹೀಗೇ ಆಯಿತು 😀 ಯುದ್ಧ ಬಂದಾಗ ಈಕೆ ಏನು ಮಾಡಿದಳು?

ರಾತ್ರಿಪಾಳಿ
1939ರ ಅಕ್ಟೋಬರಿನಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದಳು. ಅದಕ್ಕೆ ವಿಂಡ್ಸರ್ ಡಚೆಸ್ (ಪಟ್ಟ ಬಿಟ್ಟ ಎಡ್ವರ್ಡನ ಹೆಂಡತಿ) ಮತ್ತು ಲೇಡಿ ಮೆಂಡ್ಲ್ ನೆರವಾದರು. ಹಳೆಯ ಗಿರಾಕಿಗಳು. ಹದಿನೈದು ವರ್ಷ ಊರು ಬಿಟ್ಟಿದ್ದವಳಿಗೆ ನ್ಯೂಯಾರ್ಕಿನಲ್ಲಿ ನೆಲೆ ಸಿಗಲಿಲ್ಲ. ಪ್ಯಾರಿಸ್‌ನಲ್ಲಿ ರಾಜಕುಮಾರರನ್ನು ಕೂರಿಸಿದವಳಿಗೆ ಸ್ವಂತ ದೇಶದಲ್ಲಿ ಎಷ್ಟೋ ಬಾಗಿಲು ಮುಚ್ಚಿತ್ತು. ಆಮೇಲೆ ಡೋರಿಸ್ ಡ್ಯೂಕ್ ಎಂಬ ಶ್ರೀಮಂತೆಯ ಸಹಾಯದಿಂದ ಮೆಕ್ಸಿಕೋ ಸಿಟಿಗೆ ಹೋಗಿ 1949ರ ತನಕ ಕ್ಲಬ್ಬು ನಡೆಸಿದಳು. ಆ ವರ್ಷಗಳಲ್ಲೇ ಕ್ಯಾಥೊಲಿಕ್ ಆದಳು.

1950ರಲ್ಲಿ ಮತ್ತೆ ಪ್ಯಾರಿಸ್. ಕ್ಲಬ್ಬು ತೆರೆದಳು, ವರ್ಷದ ಕೊನೆಗೇ ಮುಚ್ಚಿತು. ಹಳೇ ಗಿರಾಕಿಗಳಿಗೆ ವಯಸ್ಸಾಗಿತ್ತು ಅಥವಾ ದುಡ್ಡಿರಲಿಲ್ಲ.

ತುಂತುರು
ಆಗ ಎಷ್ಟು ವಯಸ್ಸು?

ರಾತ್ರಿಪಾಳಿ
ಐವತ್ತಾರು. ನಮ್ಮಲ್ಲಾದರೆ ಪೆನ್ಷನ್ ಪೇಪರ್ ಹಿಡಿದು ಓಡಾಡುವ ವಯಸ್ಸು. ಈಕೆ 1951ರಲ್ಲಿ ರೋಮ್‌ಗೆ ಹೋಗಿ ವಿಯಾ ವೆನೆತೊ ರಸ್ತೆಯಲ್ಲಿ ಇನ್ನೊಂದು ತೆರೆದಳು. ಸಮಯ ಸರಿಯಾಗಿ ಕೂಡಿಬಂತು. ಹಾಲಿವುಡ್‌ನವರು ಖರ್ಚು ಕಮ್ಮಿ ಅಂತ ರೋಮ್‌ನಲ್ಲಿ ಸಿನಿಮಾ ಮಾಡುತ್ತಿದ್ದ ಕಾಲ. ಸಂಜೆಯಾದರೆ ತಾರೆಯರೆಲ್ಲ ಆ ರಸ್ತೆಯಲ್ಲೇ. ರಾತ್ರಿ ಅವರಿಗೆಲ್ಲ ಶಾಂಪೇನ್ ಮಾರುತ್ತಿದ್ದಳು. ಇನ್ನೊಂದು ಕಡೆ ಯುದ್ಧದಲ್ಲಿ ಅನಾಥರಾದ ಮಕ್ಕಳಿಗಾಗಿ ದುಡ್ಡು ಎತ್ತುತ್ತಿದ್ದಳು. ಅರವತ್ತರ ದಶಕದ ಮೊದಲರ್ಧದಲ್ಲಿ ಅಂಗಡಿ ಮುಚ್ಚಿದಳು. ಕಾರಣ ಏನು ಗೊತ್ತಾ? ದಿನಾ ಬೆಳಗಿನ ಜಾವದ ತನಕ ಎದ್ದಿದ್ದು ಸಾಕಾಗಿದೆ ಅಂದಳು. ನೈಟ್ ಶಿಫ್ಟಿನವನಾದ ನನಗೆ ಈ ಮಾತು ನೇರ ಎದೆಗೆ ತಾಗಿತು.

ಕೊಡಿಯಾಲ
ಒಂದು ಊರಲ್ಲಿ ಗೆದ್ದರೆ ಅದೃಷ್ಟ ಅನ್ನಬಹುದು. ಮೂರು ಊರಲ್ಲಿ, ಮೂರು ಭಾಷೆಯ ನಡುವೆ... ಮಾರಾಯ್ರೇ, ಉಳಿದ ಅರ್ಧವೂ ಒಪ್ಪಿದೆ. ಪೋರ್ಟರ್ ರೋಮಿಗೆ ಬಂದು ಬಾಗಿಲು ಕಾಯಲಿಲ್ಲ ಅಲ್ವಾ.

ಗಲ್ಲಾಪೆಟ್ಟಿಗೆ
ಬನ್ನಿ, ಕಾಫಿ ನನ್ನ ಲೆಕ್ಕ.

ಸುಮ್ನೆ ಓದೋನು
ಇಷ್ಟೆಲ್ಲ ಓದಿದ ಮೇಲೆ ಆಕೆಯ ಧ್ವನಿ ಕೇಳಬೇಕು ಅನಿಸ್ತಿದೆ. ರೆಕಾರ್ಡ್ ಏನಾದರೂ ಇದೆಯಾ?

ಹಳೇ ರೆಕಾರ್ಡ್
ತುಂಬಾ ಕಮ್ಮಿ. 1970ರ ಸುಮಾರಿಗೆ ಸೈ ಕೋಲ್‌ಮನ್ ಪಿಯಾನೋ ಜೊತೆ ಒಂದು ಹಾಡು ಹಾಡಿದ್ದಾಳೆ. ಆಗ ಎಪ್ಪತ್ತೈದು ದಾಟಿತ್ತು. 1983ರಲ್ಲಿ ವುಡಿ ಅಲೆನ್‌ನ ಒಂದು ಸಿನಿಮಾದಲ್ಲಿ ತಾನಾಗಿಯೇ ಕಾಣಿಸಿಕೊಂಡಿದ್ದಾಳೆ. ಆತ್ಮಕಥೆ ಬಂದದ್ದೂ ಅದೇ ವರ್ಷ. ಮರುವರ್ಷ ಫೆಬ್ರವರಿ 1ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಳು. ಸಮಾಧಿ ಬ್ರಾಂಕ್ಸ್‌ನ ವುಡ್‌ಲಾನ್‌ನಲ್ಲಿ.

ಆದರೆ ನನ್ನನ್ನು ಕೇಳಿದರೆ ಮೊದಲು ಜಾಂಗೋ ರೈನ್‌ಹಾರ್ಟ್ ಮತ್ತು ಸ್ತೆಫಾನ್ ಗ್ರಾಪೆಲಿ 1937ರಲ್ಲಿ ನುಡಿಸಿದ 'ಬ್ರಿಕ್ ಟಾಪ್' ಕೇಳಿ. ಆಕೆಯ ಹೆಸರಲ್ಲೇ ಮಾಡಿದ ಟ್ಯೂನು. ಗಿಟಾರು, ಪಿಟೀಲು, ಮಾತಿಲ್ಲ. ಮೂರು ನಿಮಿಷದೊಳಗೆ ಮುಗಿಯುತ್ತದೆ.

ರಾತ್ರಿಪಾಳಿ
ಈಗ ರಾತ್ರಿ ಎರಡೂ ಮುಕ್ಕಾಲು. ಕ್ಯಾಂಟೀನ್ ಮುಚ್ಚಿದೆ. ಅದನ್ನೇ ಕೇಳುತ್ತಾ ಇದ್ದೇನೆ, ಇದು ನಾಲ್ಕನೇ ಸಲ. ಪಿಟೀಲು ಮಧ್ಯದಲ್ಲಿ ಒಂದು ಕಡೆ ಜಾರುತ್ತದೆ ನೋಡಿ, ಅಲ್ಲಿ ಯಾರೋ ಮೇಜಿನಿಂದ ಮೇಜಿಗೆ ನಡೆದುಹೋದ ಹಾಗಿದೆ.